ಎತ್ತಂಗಡಿ ಆರ್ಡರ್ ಬಂದಿದೆ: ಹೋಗೋದಾ, ಕೂರೋದಾ, ಬಿಡೋದಾ?

ವರ್ಗಾವಣೆಗೆ ಒಪ್ಪಲಿಲ್ಲ ಅಂತ ಕೆಲಸದಿಂದ ತೆಗೆಯಬಹುದಾ? ಬಹಳ ಸಲ ತೆಗೆಯಬಹುದು. ಕೆಲವು ಸಲ ಆಗುವುದಿಲ್ಲ. ಎಲ್ಲಿ ಆಗುತ್ತೆ, ಎಲ್ಲಿ ಆಗಲ್ಲ ಅಂತ ನೋಡದೇ ಜನ ಸಿಟ್ಟಿನಲ್ಲಿ ಮನೆಯಲ್ಲಿ ಕೂರುತ್ತಾರೆ. ಫೋನ್ ಎತ್ತುವುದಿಲ್ಲ, ಅಂಚೆಯವರು ಕಾಗದ ತಂದರೆ "ಬೇಡ" ಅಂತ ವಾಪಸ್ ಕಳಿಸುತ್ತಾರೆ. ಕಂಪನಿಗೆ ಬೇಕಾಗಿರುವುದೂ ಅದೇ.

ಆರ್ಡರ್ ಕೈಗೆ ಬಂದವರ ಮುಂದೆ ನಿಜವಾಗಿ ಇರುವ ದಾರಿಗಳು ನಾಲ್ಕು. ಮನವಿ ಕೊಟ್ಟು ಸಮಯ ಕೇಳುವುದು, ಆಕ್ಷೇಪಣೆ ಬರೆದುಕೊಟ್ಟು ಹೋಗಿ ಸೇರಿ ಆಮೇಲೆ ಜಗಳ ಆಡುವುದು, ಹೋಗಲ್ಲ ಅಂತ ನಿಂತು ವಜಾ ಮಾಡಿದರೆ ಹೋರಾಡುವುದು, ಇಲ್ಲವೇ ಲೆಕ್ಕ ಚುಕ್ತಾ ಮಾಡಿಸಿಕೊಂಡು ಬಿಡುವುದು. ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಖಾಸಗಿ ಕಂಪನಿ, ಕಾರ್ಖಾನೆಯಲ್ಲಿ ಇರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸರ್ಕಾರಿ ನೌಕರರ ಮಾತು ಬೇರೆ, ಅವರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ, ವರ್ಗಾವಣೆಯ ನಿಯಮಗಳೂ ಬೇರೆ ಇವೆ.

ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ಹುಡುಕಿ

ಬೀರುವಿನಲ್ಲಿ ಎಲ್ಲಿದೆಯೋ ಆ ಕಾಗದ, ಹುಡುಕಿ ತೆಗೆಯಿರಿ. ಅದರಲ್ಲಿ ವರ್ಗಾವಣೆಯ ಬಗ್ಗೆ ಬಹುತೇಕ ಒಂದು ಸಾಲು ಇರುತ್ತದೆ. "ಭಾರತದಲ್ಲಿ ಈಗಿರುವ ಅಥವಾ ಮುಂದೆ ತೆರೆಯಬಹುದಾದ ಯಾವುದೇ ಘಟಕ, ಕಚೇರಿ, ಸಹ ಸಂಸ್ಥೆಗೆ ನಿಮ್ಮನ್ನು ವರ್ಗಾಯಿಸುವ ಹಕ್ಕು ಕಂಪನಿಗಿದೆ" ಅನ್ನೋ ಥರ. ಸಹಿ ಹಾಕುವಾಗ ಯಾರೂ ಓದಿರುವುದಿಲ್ಲ. ಈಗ ಪದ ಪದ ಓದಿ.

ಈ ಸಾಲನ್ನು ಇಷ್ಟು ಉದ್ದ ಯಾಕೆ ಬರೆಸುತ್ತಾರೆ ಅಂತ ತಿಳಿಯಬೇಕಾದರೆ ಒಂದು ಹಳೆಯ ಕೇಸು ನೋಡಬೇಕು. ಉತ್ತರ ಪ್ರದೇಶದ ಅಮ್ರೋಹಾದಲ್ಲಿ ಕುಂದನ್ ಶುಗರ್ ಮಿಲ್ಸ್ ಅಂತ ಒಂದು ಸಕ್ಕರೆ ಕಾರ್ಖಾನೆ. ಅದರ ಮಾಲೀಕರು ಆಮೇಲೆ ಬುಲಂದ್‌ಶಹರ್‌ನಲ್ಲಿ ಇನ್ನೊಂದು ಕಾರ್ಖಾನೆ ಶುರು ಮಾಡಿದರು. 1955ರಲ್ಲಿ ಅಮ್ರೋಹಾದ ನಾಲ್ವರು ಕೆಲಸಗಾರರಿಗೆ ಅಲ್ಲಿಗೆ ಹೋಗಿ ಅಂದರು. ಅವರು ಹೋಗಲಿಲ್ಲ, ಇವರು ವಜಾ ಮಾಡಿದರು. ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1960ರಲ್ಲಿ ಬಂದ ತೀರ್ಪು ಕೆಲಸಗಾರರ ಕಡೆಗಿತ್ತು. ಅವರು ಕೆಲಸಕ್ಕೆ ಸೇರಿದಾಗ ಆ ಎರಡನೇ ಕಾರ್ಖಾನೆ ಇರಲೇ ಇಲ್ಲ, ಅಲ್ಲಿಗೂ ಹೋಗುತ್ತೇವೆ ಅಂತ ಅವರು ಒಪ್ಪಿಕೊಂಡಿರಲೂ ಇಲ್ಲ. ಮಾಲೀಕ ಒಬ್ಬನೇ ಅಂದ ಮಾತ್ರಕ್ಕೆ ಒಂದು ಕಾರ್ಖಾನೆಯ ಕೆಲಸಗಾರನನ್ನು ಇನ್ನೊಂದಕ್ಕೆ ಕಳಿಸುವ ಹಕ್ಕು ತಾನಾಗಿ ಹುಟ್ಟುವುದಿಲ್ಲ ಅಂತ ಕೋರ್ಟ್ ಹೇಳಿತು. "ಮುಂದೆ ತೆರೆಯಬಹುದಾದ", "ಸಹ ಸಂಸ್ಥೆ" ಅನ್ನೋ ಮಾತುಗಳು ಇವತ್ತಿನ ಕರಾರುಗಳಲ್ಲಿ ಕೂತಿರುವುದು ಇಂಥ ಸೋಲು ಮತ್ತೆ ಆಗದಿರಲಿ ಅಂತಲೇ ಅನ್ನೋದು ನನ್ನ ಊಹೆ.

ನಮ್ಮ ಕಡೆಯದೂ ಒಂದು ಇದೆ. ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ವಿರುದ್ಧ ಅದರ ನೌಕರರು, ಸುಪ್ರೀಂ ಕೋರ್ಟ್, 1966. ಬ್ಯಾಂಕಿನ ಕೆಲಸಕ್ಕೆ ಯಾರನ್ನು ಎಲ್ಲಿ ಹಾಕಬೇಕು ಅನ್ನೋದು ಬ್ಯಾಂಕಿಗೆ ಬಿಟ್ಟದ್ದು ಅಂತ ಕೋರ್ಟ್ ಹೇಳಿತು. ದುರುದ್ದೇಶದಿಂದ, ಅಂದರೆ ಯೂನಿಯನ್ ಕೆಲಸ ಮಾಡಿದ್ದಕ್ಕೆ ಬುದ್ಧಿ ಕಲಿಸಲು ಅನ್ನೋ ಥರ, ಹೀಗೆ ಮಾಡಿದ್ದರೆ ಮಾತ್ರ ಕೈಗಾರಿಕಾ ನ್ಯಾಯಮಂಡಳಿ ಕೈ ಹಾಕಬಹುದು. ಆದರೆ ಅದಕ್ಕೆ ಸರಿಯಾದ ಸಾಕ್ಷ್ಯ ಬೇಕು, ಸುಮ್ನೆ ಅನುಮಾನ ಸಾಲದು. ಅಂದಿನಿಂದ ಇಂದಿನವರೆಗೂ ಈ ವಿಷಯದ ಕೇಸುಗಳು ಹೆಚ್ಚುಕಮ್ಮಿ ಈ ಎರಡು ತೀರ್ಪುಗಳ ಮಧ್ಯೆಯೇ ಓಡಾಡುತ್ತಿವೆ.

ಹಾಗಾಗಿ ಆರ್ಡರ್ ಓದುವಾಗ ಇಷ್ಟು ಕೇಳಿಕೊಳ್ಳಿ. ಹೋಗಬೇಕಾದ ಕಡೆ ಇರುವುದು ಇದೇ ಕಂಪನಿಯಾ, ಇಲ್ಲ ಬೇರೆ ಹೆಸರಿನದ್ದಾ? ಅಲ್ಲಿ ಇದೇ ಕೆಲಸ, ಇದೇ ಸಂಬಳ, ಇದೇ ಸೀನಿಯಾರಿಟಿ ಇರುತ್ತಾ? ಮತ್ತೆ, ಈಗಲೇ ಯಾಕೆ?

ಎರಡನೇ ಪ್ರಶ್ನೆಯನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮಧ್ಯಪ್ರದೇಶದ ದೇವಾಸ್‌ನ ಕಪಾರೋ ಎಂಜಿನಿಯರಿಂಗ್ ಕಂಪನಿಯ ಒಂಬತ್ತು ಕಾರ್ಮಿಕರನ್ನು 2015ರ ಜನವರಿಯಲ್ಲಿ ರಾಜಸ್ಥಾನದ ಚೋಪಾಂಕಿಗೆ ಹಾಕಿದರು, ಸುಮಾರು 900 ಕಿಲೋಮೀಟರ್ ದೂರ. ದೂರದ ಕಥೆ ಹಾಗಿರಲಿ. ದೇವಾಸ್‌ನಲ್ಲಿ ಅವರು ಕಾರ್ಮಿಕರು, ಚೋಪಾಂಕಿಯಲ್ಲಿ ಅವರ ಕೆಲಸ ಸೂಪರ್‌ವೈಸರ್‌ದು. ಕೇಳಲು ಬಡ್ತಿ ಇದ್ದ ಹಾಗಿದೆ ಅಲ್ವಾ? ಆದರೆ ಹಾಗಾದರೆ ಅವರು ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆಯಿಂದಲೇ ಹೊರಗೆ ಬೀಳುತ್ತಾರೆ. ಕೆಲಸದ ಷರತ್ತು ಬದಲಾಯಿಸುವಾಗ 21 ದಿನ ಮೊದಲು ಕೊಡಬೇಕಾದ ನೋಟಿಸನ್ನೂ ಕಂಪನಿ ಕೊಟ್ಟಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ವರ್ಗಾವಣೆ ಕಾನೂನಿಗೆ ವಿರುದ್ಧ ಅನ್ನೋ ಕೆಳಗಿನ ಕೋರ್ಟ್‌ಗಳ ಮಾತನ್ನೇ ಎತ್ತಿಹಿಡಿಯಿತು. ಹೊಸ ಜಾಗದಲ್ಲಿ ನಿಮ್ಮ ಹುದ್ದೆಯ ಹೆಸರು ದೊಡ್ಡದಾಗಿದ್ದರೆ ಖುಷಿಪಡುವ ಮೊದಲು ಕೆಲಸ ಏನು ಅಂತ ಕೇಳಿ. ಬರಹದಲ್ಲೇ ಕೇಳಿ.

ನೀವು "ಕಾರ್ಮಿಕ"ರಾ ಅನ್ನೋದು ಇತ್ಯರ್ಥ ಆಗಲಿ

ಇದನ್ನು ಬಿಟ್ಟು ಮುಂದೆ ಹೋದರೆ ಹೋಲಿಕೆಗೆ ಅರ್ಥವೇ ಇಲ್ಲ, ಯಾಕೆಂದರೆ ಇಬ್ಬರಿಗೆ ಒಂದೇ ಆರ್ಡರ್ ಬಂದಿದ್ದರೂ ಒಬ್ಬನಿಗೆ ನಾಲ್ಕು ದಾರಿ, ಇನ್ನೊಬ್ಬನಿಗೆ ಎರಡೂವರೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಬಂದಿರುವುದು ಕೈಗಾರಿಕಾ ಸಂಬಂಧಗಳ ಸಂಹಿತೆ. ಅದರಲ್ಲಿ ಕೈಕೆಲಸ, ಟೆಕ್ನಿಕಲ್ ಕೆಲಸ, ಯಂತ್ರ ನಡೆಸುವ ಕೆಲಸ, ಗುಮಾಸ್ತೆ ಕೆಲಸ ಮಾಡುವವರೆಲ್ಲ ಕಾರ್ಮಿಕರು. ಇವರಿಗೆ ಸಂಬಳದ ಮಿತಿ ಇಲ್ಲ. ಸೂಪರ್‌ವೈಸರ್ ಕೆಲಸ ಮಾಡಿ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವವರು ಹೊರಗೆ. ಮ್ಯಾನೇಜರ್ ಕೆಲಸ ಮಾಡುವವರೂ ಹೊರಗೆ. ಇಲ್ಲಿ ಲೆಕ್ಕಕ್ಕೆ ಬರುವುದು ವಿಸಿಟಿಂಗ್ ಕಾರ್ಡಿನ ಮೇಲಿನ ಹುದ್ದೆ ಅಲ್ಲ, ದಿನಾ ಮಾಡುವ ಕೆಲಸ. "ಅಸಿಸ್ಟೆಂಟ್ ಮ್ಯಾನೇಜರ್" ಅಂತ ಬೋರ್ಡ್ ಇದ್ದು, ಕೈಕೆಳಗೆ ಒಬ್ಬರೂ ಇಲ್ಲ, ಯಾರ ರಜೆಗೂ ಸಹಿ ಹಾಕಲ್ಲ, ಬೆಳಗಿಂದ ಸಂಜೆವರೆಗೆ ಎಕ್ಸೆಲ್‌ನಲ್ಲಿ ಎಂಟ್ರಿ ಹಾಕುತ್ತೀರಿ ಅಂದರೆ ನೀವು ಕಾರ್ಮಿಕ ಅಂತ ವಾದ ಮಾಡಲು ಜಾಗ ಇದೆ.

ಕಾರ್ಮಿಕರಾದರೆ ವಜಾ ಆದ ಮೇಲೆ ಕಾರ್ಮಿಕ ಇಲಾಖೆಗೆ ಹೋಗಬಹುದು, ಅಲ್ಲಿಂದ ನ್ಯಾಯಮಂಡಳಿಗೆ ಹೋಗಬಹುದು, ವಾಪಸ್ ಕೆಲಸ ಮತ್ತು ಹಿಂಬಾಕಿ ಸಂಬಳ ಎರಡನ್ನೂ ಕೇಳಬಹುದು. ನಿಜವಾದ ಮ್ಯಾನೇಜರ್ ಆದರೆ ಇದ್ಯಾವುದೂ ಇಲ್ಲ. ಸಿವಿಲ್ ಕೋರ್ಟ್‌ಗೆ ಹೋದರೂ "ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ" ಅಂತ ಖಾಸಗಿ ಕಂಪನಿಗೆ ಹೇಳುವುದು ತೀರಾ ಅಪರೂಪ, ಸಿಕ್ಕರೆ ಪರಿಹಾರದ ಹಣ ಸಿಗುತ್ತದೆ, ಅದೂ ಬಹುತೇಕ ನೋಟಿಸ್ ಪೀರಿಯಡ್ ಸಂಬಳದ ಆಸುಪಾಸು. ಇವರಿಬ್ಬರ ನಡುವೆ ಇನ್ನೊಂದು ಗುಂಪಿದೆ. ಅಂಗಡಿ, ಆಫೀಸುಗಳಲ್ಲಿ ಇರುವವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣವೂ ಬೇಕು, ಒಂದು ತಿಂಗಳ ನೋಟಿಸೂ ಬೇಕು. ದುರ್ನಡತೆ ಅಂತ ನೋಟಿಸ್ ಇಲ್ಲದೆ ತೆಗೆಯುವುದಾದರೆ ವಿಚಾರಣೆ ನಡೆದಿರಬೇಕು. ಅದರ ವಿರುದ್ಧ ಮೇಲ್ಮನವಿಗೂ ಅವಕಾಶ ಇದೆ. ಮ್ಯಾನೇಜ್‌ಮೆಂಟ್ ಹುದ್ದೆಯವರು ಇಲ್ಲೂ ಹೊರಗೇ.

ದಾರಿ ಒಂದು: ಮನವಿ ಕೊಟ್ಟು ಸಮಯ ಕೇಳುವುದು

ಖರ್ಚಿಲ್ಲದ ದಾರಿ. ಮಾಡದೇ ಇರುವವರೇ ಜಾಸ್ತಿ. "ಬರೆದುಕೊಟ್ಟರೆ ಒಪ್ಪಿಕೊಂಡ ಹಾಗೆ ಆಗುತ್ತೆ" ಅಂತ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ.

ಮನವಿಯಲ್ಲಿ ಗೋಳು ಬೇಡ, ಕಾರಣ ಬೇಕು. ತಾಯಿಗೆ ಡಯಾಲಿಸಿಸ್ ನಡೆಯುತ್ತಿದ್ದರೆ ಆಸ್ಪತ್ರೆಯ ಕಾಗದ ಲಗತ್ತಿಸಿ. ಮಗಳು ಎಸ್‌ಎಸ್‌ಎಲ್‌ಸಿ ಆದರೆ ಶಾಲೆಯ ಪ್ರಮಾಣಪತ್ರ ಹಾಕಿ, ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಸಮಯ ಕೇಳಿ. ಇದು ಬರೀ ಬೇಡಿಕೆ ಅಲ್ಲ. ತುರ್ತು ಇಲ್ಲದಿದ್ದರೆ ಶಾಲಾ ವರ್ಷದ ಮಧ್ಯದಲ್ಲಿ ವರ್ಗ ಮಾಡುವಾಗ ಮಕ್ಕಳ ಓದಿಗೆ ಬೆಲೆ ಕೊಡಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ತಮಿಳುನಾಡಿನ ಸರ್ಕಾರಿ ನೌಕರರೊಬ್ಬರ ಕೇಸು, ಖಾಸಗಿಯವರಿಗೆ ನೇರವಾಗಿ ಅಂಟುವುದಿಲ್ಲ, ಆದರೂ ಮನವಿಯಲ್ಲಿ ಬರೆದರೆ ಎಚ್‌ಆರ್ ಒಂದು ಸಲ ಕಾನೂನು ವಿಭಾಗಕ್ಕೆ ಫೋನ್ ಮಾಡಿಯೇ ಮಾಡುತ್ತಾರೆ.

"ಆಗಲ್ಲ" ಅಂತ ಒಂದೇ ಮಾತು ಬರೆಯುವ ಬದಲು ಬೇರೆ ಏನಾದರೂ ಮುಂದಿಡಿ. ಮೂರು ತಿಂಗಳು ಡೆಪ್ಯುಟೇಶನ್ ಮೇಲೆ ಹೋಗುತ್ತೇನೆ ಅನ್ನಿ. ಪುಣೆ ಬದಲು ಹೊಸೂರು ಕೊಡಿ ಅನ್ನಿ. ನನಗಿಂತ ಜೂನಿಯರ್, ಹೋಗಲು ತಯಾರಿರುವವರು ಇದ್ದರೆ ಕೇಳಿ ನೋಡಿ ಅನ್ನಿ. ಮನೆ ಬದಲಾಯಿಸುವ ಖರ್ಚು, ಅಲ್ಲಿನ ಬಾಡಿಗೆಯ ವ್ಯತ್ಯಾಸ ಯಾರು ಕೊಡುತ್ತಾರೆ ಅಂತ ಕೇಳಿ. ಈ ಪ್ರಶ್ನೆಗಳಿಗೆ ಕಂಪನಿ ಉತ್ತರ ಕೊಟ್ಟರೂ ಲಾಭ, ಕೊಡದಿದ್ದರೂ ಲಾಭ. ಉತ್ತರ ಕೊಡದ ಮೌನವೇ ನಾಳೆ ನಿಮ್ಮ ದಾಖಲೆ.

ಈ ದಾರಿಯ ತೊಂದರೆ ಒಂದೇ. ಮನವಿ ಕೊಟ್ಟ ಮಾತ್ರಕ್ಕೆ ಆರ್ಡರ್ ನಿಲ್ಲುವುದಿಲ್ಲ. ಹಾಜರಾಗುವ ದಿನಾಂಕ ಹಾಗೇ ಇರುತ್ತದೆ. ಆ ದಿನದ ಒಳಗೆ ಉತ್ತರ ಬರಲಿಲ್ಲ ಅಂದರೆ ಮುಂದಿನ ಮೂರರಲ್ಲಿ ಒಂದನ್ನು ಆರಿಸಲೇಬೇಕು.

ದಾರಿ ಎರಡು: ಹೋಗಿ ಸೇರಿ, ಜಗಳ ಅಲ್ಲಿಂದ ಆಡಿ

ನನ್ನ ಓಟು ಬಹಳ ಸಲ ಇದಕ್ಕೇ. ಕೇಳಲು ಸೋತ ಹಾಗೆ ಅನಿಸುತ್ತದೆ, ನಿಜ. ಲೈನ್‌ನಲ್ಲಿ ಇರುವ ಗೆಳೆಯರು "ಹೆದರಿ ಹೋದ" ಅನ್ನಬಹುದು. ಆದರೆ ಲೆಕ್ಕ ಹಾಕಿ ನೋಡಿ.

ರಿಲೀವ್ ಆರ್ಡರ್ ಕೊಟ್ಟ ಮೇಲೆ ಹಳೆ ಜಾಗದಲ್ಲಿ ನಿಮ್ಮ ಪಂಚಿಂಗ್ ಕೆಲಸ ಮಾಡುವುದಿಲ್ಲ, ಗೇಟಿನಲ್ಲಿ ಸೆಕ್ಯುರಿಟಿ ಒಳಗೆ ಬಿಡುವುದಿಲ್ಲ. ಹೊಸ ಜಾಗಕ್ಕೆ ನೀವು ಹೋಗಿಲ್ಲ. ಅಂದರೆ ಆ ದಿನದಿಂದ ನೀವು ಎರಡೂ ಕಡೆ ಗೈರು, ಸಂಬಳ ಶೂನ್ಯ. ಸಸ್ಪೆಂಡ್ ಮಾಡಿದ್ದರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಂಶ ಭತ್ಯೆ ಅಂತ ಸಿಗುತ್ತಿತ್ತು, ಆಮೇಲೆ ವಿಚಾರಣೆ ತಡವಾಗುವುದಕ್ಕೆ ನೀವು ಕಾರಣ ಅಲ್ಲದಿದ್ದರೆ ಮುಕ್ಕಾಲು ಸಿಗುತ್ತಿತ್ತು. ಗೈರು ಅಂತ ಬರೆದರೆ ಅದೂ ಇಲ್ಲ. ಸೇರಿಕೊಂಡರೆ ಇ‌ಎಂಐ ನಿಲ್ಲುವುದಿಲ್ಲ, ಪಿಎಫ್ ಕಟ್ಟುತ್ತಲೇ ಇರುತ್ತಾರೆ, ಗ್ರಾಚ್ಯುಟಿಯ ವರ್ಷ ಎಣಿಸುತ್ತಲೇ ಇರುತ್ತದೆ. ವಜಾ ಮಾಡಲು ಅವರ ಕೈಯಲ್ಲಿ ಕಾರಣವೇ ಇರುವುದಿಲ್ಲ.

ಇನ್ನು ಕೋರ್ಟ್‌ಗಳ ಮನಸ್ಸು ಯಾವ ಕಡೆ ಇದೆ ಅಂತ ತಿಳಿಯಲು ಗುಜರಾತ್ ವಿದ್ಯುತ್ ಮಂಡಳಿಯ ಕೇಸು ಸಾಕು. ಟೆಕ್ನಿಕಲ್ ಅಸಿಸ್ಟೆಂಟ್ ಒಬ್ಬರನ್ನು 1974ರ ಮಾರ್ಚ್‌ನಲ್ಲಿ ಸೂರತ್‌ನಿಂದ ಉಕಾಯಿಗೆ ಹಾಕಿದರು. ಅವರು ಮನವಿ ಕೊಟ್ಟರು, ಆದರೆ ಹೋಗಲಿಲ್ಲ. ಎಚ್ಚರಿಕೆಯ ಕಾಗದ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದರೆ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಕೆಲಸ ಹೋಯಿತು. 1989ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಹದಿನೈದು ವರ್ಷ! ವರ್ಗಾವಣೆ ಅನ್ನೋದು ನೌಕರಿಯ ಜೊತೆಗೇ ಬರುವ ಸಂಗತಿ, ಕಷ್ಟ ಇದ್ದರೆ ಮನವಿ ಕೊಡಬಹುದು, ಆರ್ಡರ್ ರದ್ದೋ ತಡೆಯೋ ಆಗದಿದ್ದರೆ ಹೋಗಲೇಬೇಕು, ಹೋಗದಿದ್ದರೆ ಶಿಸ್ತು ಕ್ರಮಕ್ಕೆ ತಯಾರಿರಬೇಕು ಅನ್ನೋದು ಆ ತೀರ್ಪಿನ ತಿರುಳು. ಅಂಚೆ ಬೇಡ ಅಂತ ವಾಪಸ್ ಕಳಿಸಿದರೆ ಕಾಗದ ಮುಟ್ಟಿದೆ ಅಂತಲೇ ಲೆಕ್ಕ ಅಂತಲೂ ಅದರಲ್ಲಿದೆ. ಅದು ಸಾರ್ವಜನಿಕ ಸಂಸ್ಥೆಯ ಕೇಸು, ಆದರೂ ಖಾಸಗಿ ಕಂಪನಿಗಳ ವಕೀಲರು ಇದನ್ನು ತೆಗೆದು ಮುಂದಿಡುತ್ತಾರೆ.

ಸೇರುವಾಗ ಸುಮ್ನೆ ಸೇರಬೇಡಿ. ಜಾಯಿನಿಂಗ್ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆಯಿರಿ: "ಈ ವರ್ಗಾವಣೆಗೆ ನನ್ನ ಆಕ್ಷೇಪಣೆ ಇದೆ. ದಿನಾಂಕ ಇಂಥದ್ದರ ನನ್ನ ಮನವಿ ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಹಕ್ಕುಗಳನ್ನು ಬಿಟ್ಟುಕೊಡದೆ ಡ್ಯೂಟಿಗೆ ಹಾಜರಾಗುತ್ತಿದ್ದೇನೆ." ಅದನ್ನೇ ಇಮೇಲ್‌ನಲ್ಲೂ ಕಳಿಸಿ. ಆಫೀಸಿನ ಐಡಿಯಿಂದ ಮಾತ್ರ ಕಳಿಸಬೇಡಿ, ಅದು ಯಾವತ್ತು ಬೇಕಾದರೂ ಬಂದ್ ಆಗಬಹುದು, ಸ್ವಂತ ಜಿಮೇಲ್‌ಗೂ ಒಂದು ಪ್ರತಿ ಇರಲಿ.

ಆಮೇಲೆ ಯೂನಿಯನ್ ಇದ್ದರೆ ಯೂನಿಯನ್ ಮೂಲಕ ವಿವಾದ ಎತ್ತಿ. ಕಂಪನಿಯ ನೀತಿ ಅನ್ನೋ ನೆಪದಲ್ಲಿ ಕಾರ್ಮಿಕನನ್ನು ದುರುದ್ದೇಶದಿಂದ ವರ್ಗ ಮಾಡುವುದು ಹಳೆ ಕಾಯ್ದೆಯ ಐದನೇ ಅನುಸೂಚಿಯಲ್ಲೂ ಅನುಚಿತ ಕಾರ್ಮಿಕ ನಡವಳಿಕೆಯೇ, ಹೊಸ ಸಂಹಿತೆಯಲ್ಲೂ ಹಾಗೇ.

ಈ ದಾರಿ ಯಾರಿಗೆ ಆಗುವುದಿಲ್ಲ? ಹೋಗಲು ಸಾಧ್ಯವೇ ಇಲ್ಲದವರಿಗೆ. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಅಂದರೆ "ಆಕ್ಷೇಪಣೆ ಬರೆದು ಸೇರಿ" ಅನ್ನೋ ಸಲಹೆ ಏನು ಪ್ರಯೋಜನ? ಬೆಂಗಳೂರಿನಲ್ಲಿ ಇಪ್ಪತ್ತೆರಡು ಸಾವಿರಕ್ಕೆ ದುಡಿಯುವವರನ್ನು ಗುಜರಾತ್‌ಗೆ ಹಾಕಿದರೆ ಎರಡು ಮನೆ ನಡೆಸುವುದು ಹೇಗೆ? ಇದು ಕಂಪನಿಗೂ ಗೊತ್ತು. ಎಷ್ಟೋ ಸಲ ವರ್ಗಾವಣೆಯ ಉದ್ದೇಶವೇ ಅದು: ಜನ ಹೆಚ್ಚಾದರು ಅಂತ ಕೆಲಸದಿಂದ ತೆಗೆದರೆ (ರಿಟ್ರೆಂಚ್‌ಮೆಂಟ್ ಅನ್ನೋದು ಇದಕ್ಕೇ) ಪರಿಹಾರ ಕೊಡಬೇಕು, ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು, ನೋಟಿಸ್ ಕೊಡಬೇಕು. ದೂರದ ಊರಿಗೆ ಹಾಕಿದರೆ ತಾನಾಗಿಯೇ ಬಿಟ್ಟು ಹೋಗುತ್ತಾನೆ, ಒಂದು ಪೈಸೆ ಖರ್ಚಿಲ್ಲ.

ಹಾಗೇ ಇನ್ನೊಂದು. ಹೋಗಬೇಕಾದ ಜಾಗ ಬೇರೆ ಕಂಪನಿಯದ್ದಾಗಿದ್ದರೆ ಸೇರುವ ಮೊದಲು ಎರಡು ಸಲ ಯೋಚಿಸಿ. ಅಲ್ಲಿ ಹೊಸ ಅಪಾಯಿಂಟ್‌ಮೆಂಟ್ ಲೆಟರ್‌ಗೆ ಸಹಿ ಹಾಕಿದರೆ ಹಳೆಯ ಸರ್ವಿಸ್ ಮುಗಿಯಿತು ಅಂತ ಹೇಳಲು ಅವರಿಗೆ ದಾರಿ ಸಿಗುತ್ತದೆ.

ದಾರಿ ಮೂರು: ಹೋಗಲ್ಲ ಅಂತ ನಿಲ್ಲುವುದು

ಇದು ಗೆಲ್ಲಬಹುದಾದ ದಾರಿ, ಆದರೆ ಕಾರಣ ಗಟ್ಟಿ ಇದ್ದರೆ ಮಾತ್ರ. ಗಟ್ಟಿ ಕಾರಣ ಅಂದರೆ ಏನು? ಕರಾರಿನಲ್ಲಿ ವರ್ಗಾವಣೆಯ ಮಾತೇ ಇಲ್ಲ, ಸ್ಥಾಯಿ ಆದೇಶದಲ್ಲೂ (ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕಾರ್ಖಾನೆಯ ಸೇವಾ ನಿಯಮಗಳು) ಇಲ್ಲ. ಅಥವಾ ಕಳಿಸುತ್ತಿರುವುದು ಬೇರೆ ಕಂಪನಿಗೆ, ಕುಂದನ್ ಕೇಸಿನ ಹಾಗೆ. ಅಥವಾ ಸಂಬಳವೋ ದರ್ಜೆಯೋ ಇಳಿಯುತ್ತದೆ, ಕೆಲಸದ ಸ್ವರೂಪವೇ ಬದಲಾಗುತ್ತದೆ. ಅಥವಾ ಇದು ಸೇಡು ಅಂತ ತೋರಿಸಲು ಕಾಗದ ಇದೆ. ಹೆರಿಗೆ ರಜೆಯಲ್ಲಿರುವ ಹೆಣ್ಣುಮಗಳಿಗೆ ಆ ರಜೆಯ ಮಧ್ಯೆ ಅವರಿಗೆ ನಷ್ಟವಾಗುವ ಹಾಗೆ ಸೇವಾ ಷರತ್ತು ಬದಲಾಯಿಸುವಂತಿಲ್ಲ, ಅದೂ ಗಟ್ಟಿ ಕಾರಣವೇ.

ಸೇಡು ಅನ್ನೋದನ್ನು ತೋರಿಸುವುದು ದಿನಾಂಕಗಳಿಂದ. ಪಂಜಾಬ್ ಆಂಡ್ ಸಿಂಧ್ ಬ್ಯಾಂಕಿನ ಇಂದೋರ್ ಶಾಖೆಯಲ್ಲಿ ಚೀಫ್ ಮ್ಯಾನೇಜರ್ ಆಗಿದ್ದ ಮಹಿಳೆಯೊಬ್ಬರು ಶಾಖೆಯ ಅಕ್ರಮಗಳ ಬಗ್ಗೆ ಬರೆದರು, ಮೇಲಧಿಕಾರಿಯ ವಿರುದ್ಧ ಲೈಂಗಿಕ ಕಿರುಕುಳದ ದೂರನ್ನೂ ಕೊಟ್ಟರು. ಅವರನ್ನು ಹಾಕಿದ್ದು ಜಬಲ್‌ಪುರ ಜಿಲ್ಲೆಯ ಸರಸಾವಾ ಅನ್ನೋ ಊರಿನ ಶಾಖೆಗೆ, ಅವರ ದರ್ಜೆಗಿಂತ ತುಂಬಾ ಕೆಳಗಿನವರು ಕೂರುವ ಕುರ್ಚಿಗೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಇಂದೋರ್‌ಗೆ ವಾಪಸ್ ಹಾಕಲು ಹೇಳಿತು, ಖರ್ಚಿಗೆ ಅಂತ 50,000 ರೂಪಾಯಿ ಕೊಡಿಸಿತು. ಅಲ್ಲಿ ಕೆಲಸ ಮಾಡಿದ್ದು ಎರಡು ಸಂಗತಿ. ಒಂದು, ದೂರಿನ ಪತ್ರಗಳು ವರ್ಗಾವಣೆಗಿಂತ ಮೊದಲಿನವು. ಎರಡು, ದರ್ಜೆಯ ಅಂತರ ಕಣ್ಣಿಗೆ ಹೊಡೆಯುವ ಹಾಗಿತ್ತು. ನಿಮ್ಮ ಹತ್ತಿರವೂ ಇಂಥದ್ದಿದೆಯಾ ನೋಡಿ. ಯೂನಿಯನ್ ಅರ್ಜಿಗೆ ಸಹಿ ಹಾಕಿದ್ದು ಯಾವಾಗ, ಓವರ್‌ಟೈಮ್ ದುಡ್ಡು ಕೇಳಿ ಮೇಲ್ ಮಾಡಿದ್ದು ಯಾವಾಗ, ಆರ್ಡರ್ ಬಂದಿದ್ದು ಯಾವಾಗ, ಆ ಕೇಳಿದವರನ್ನು ಮಾತ್ರ ಹಾಕಿದ್ದಾರಾ, ಉಳಿದವರನ್ನೂ ಹಾಕಿದ್ದಾರಾ. ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ವಕೀಲರ ಹತ್ತಿರ ಒಂದು ಗಂಟೆ ಮಾತಾಡುವುದಕ್ಕಿಂತ ಆ ಹಾಳೆ ಜಾಸ್ತಿ ಕೆಲಸ ಮಾಡುತ್ತದೆ.

ನಿಲ್ಲುವುದು ಅಂದರೆ ಮನೆಯಲ್ಲಿ ಕೂರುವುದಲ್ಲ. ಹಳೆ ಜಾಗದ ಗೇಟಿಗೆ ಹೋಗಿ. ಒಳಗೆ ಬಿಡಲಿಲ್ಲ ಅಂದರೆ ಅಲ್ಲೇ ನಿಂತು ಇಮೇಲ್ ಹಾಕಿ: "ಇವತ್ತು ಬೆಳಗ್ಗೆ ಶಿಫ್ಟಿಗೆ ಬಂದೆ, ಗೇಟಿನಲ್ಲಿ ತಡೆದರು, ಕೆಲಸ ಮಾಡಲು ತಯಾರಿದ್ದೇನೆ." ಕೆಲವು ದಿನ ಹೀಗೆ ಮಾಡಿ. ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಯಾಕೆಂದರೆ ಕಂಪನಿ ಮುಂದೆ ಹೇಳಲಿರುವುದು "ನಾವು ತೆಗೆದಿಲ್ಲ, ಅವನೇ ಕೆಲಸ ಬಿಟ್ಟು ಹೋದ" ಅಂತ.

ಆ ಮಾತಿಗೂ ಉತ್ತರ ಇದೆ. ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಎಂಟು ದಿನಕ್ಕಿಂತ ಜಾಸ್ತಿ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಅಂತ ಸ್ಥಾಯಿ ಆದೇಶ ಇತ್ತು. ಡಿ.ಕೆ. ಯಾದವ್ ಅನ್ನೋ ಕಾರ್ಮಿಕರ ಹೆಸರನ್ನು ಅದರ ಪ್ರಕಾರ 1980ರಲ್ಲಿ ಹೊಡೆದುಹಾಕಿದರು. ನನ್ನನ್ನು ಗೇಟಿನಲ್ಲೇ ತಡೆದರು ಅಂತ ಅವರು ಹೇಳುತ್ತಾ ಬಂದರು. ವಿಚಾರಣೆ ಮಾಡದೆ, ಅವರ ಮಾತು ಕೇಳದೆ ಹೀಗೆ ಮಾಡುವಂತಿಲ್ಲ ಅಂತ 1993ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಕೆಲಸಕ್ಕೆ ಹಾಕಿಸಿತು, ಅರ್ಧ ಹಿಂಬಾಕಿ ಸಂಬಳದ ಜೊತೆ. ಹಾಗಾಗಿ ಕಂಪನಿ ಚಾರ್ಜ್‌ಶೀಟ್ (ನಿಮ್ಮ ಮೇಲಿನ ಆರೋಪಗಳ ಕಾಗದ) ಕೊಟ್ಟರೆ ಹೆದರಬೇಡಿ. ಅದಕ್ಕೆ ಉತ್ತರ ಬರೆಯಿರಿ. ವಿಚಾರಣೆಗೆ ಕರೆದರೆ ತಪ್ಪದೆ ಹೋಗಿ, ನೀವು ಹೋಗದಿದ್ದರೂ ಅವರು ಅದನ್ನು ನಡೆಸಿ ಮುಗಿಸಬಹುದು. ಅಲ್ಲಿ ನ್ಯಾಯ ಸಿಗುತ್ತೆ ಅಂತಲ್ಲ, ವಿಚಾರಣಾಧಿಕಾರಿ ಬಹುತೇಕ ಕಂಪನಿ ಕರೆಸಿದ ವಕೀಲರೇ. ನೀವು ಕೇಳಿದ ಪ್ರಶ್ನೆ, ಕೇಳಿ ಸಿಗದ ದಾಖಲೆ ಎಲ್ಲವೂ ಆ ಕಾಗದದಲ್ಲಿ ದಾಖಲಾಗಬೇಕು, ಅದಕ್ಕೆ ಹೋಗುವುದು.

ವಜಾ ಆದ ಮೇಲೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಅರ್ಜಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಎಲ್ಲರಿಗೂ ಗೊತ್ತಿರುವ ಜಾಗ. ವಕೀಲರಿಗೆ ದುಡ್ಡು ಸುರಿಯದೆ ನೀವೇ ಹೋಗಿ, ಅಥವಾ ಯೂನಿಯನ್ ಪದಾಧಿಕಾರಿಯನ್ನು ಕರೆದುಕೊಂಡು ಹೋಗಿ ಮಾತಾಡಬಹುದು. ಅಲ್ಲಿ ರಾಜಿ ಆಗದಿದ್ದರೆ ನ್ಯಾಯಮಂಡಳಿ. ಹಳೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಅವಕಾಶ ಇತ್ತು, ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನವೇ ಇಲ್ಲ. ಸಂಧಾನ ಮುರಿದ ವರದಿ ಕೈಗೆ ಬಂದ ಮೇಲೆ 90 ದಿನದಲ್ಲಿ ನ್ಯಾಯಮಂಡಳಿಗೆ ಹೋಗಬೇಕು. ಒಂದು ವಾರದಲ್ಲೇ ಅರ್ಜಿ ಹಾಕಿ ಅನ್ನೋದು ನನ್ನ ಮಾತು.

ಖರ್ಚಿನ ಕಡೆ ನೋಡಿದರೆ ಈ ದಾರಿಯೇ ದುಬಾರಿ. ದುಡ್ಡಿಗಿಂತ ವರ್ಷಗಳ ಲೆಕ್ಕದಲ್ಲಿ. ಮೇಲೆ ಹೇಳಿದ ಕೇಸುಗಳ ಇಸವಿಗಳನ್ನೇ ಇನ್ನೊಂದು ಸಲ ನೋಡಿ: 1955ರಿಂದ 1960, 1980ರಿಂದ 1993, 2015ರಿಂದ 2021. ಗೆದ್ದವರ ಲೆಕ್ಕ ಇದು.

ಹೋಗುವ ಮೊದಲೇ ಸ್ಟೇ ತರಬಹುದಲ್ವಾ ಅಂತ ಕೇಳುವವರು ಇದ್ದಾರೆ. ಸರ್ಕಾರಿ, ಸಾರ್ವಜನಿಕ ಸಂಸ್ಥೆಗಳಲ್ಲಿ ಅದಕ್ಕೆ ಪ್ರಯತ್ನ ಮಾಡಬಹುದು. ಖಾಸಗಿ ಕಂಪನಿಯ ಮೇಲೆ ಹೈಕೋರ್ಟ್‌ನಲ್ಲಿ ರಿಟ್ ಸಾಮಾನ್ಯವಾಗಿ ನಡೆಯುವುದಿಲ್ಲ, ಸಿವಿಲ್ ಕೋರ್ಟ್ ವರ್ಗಾವಣೆಗೆ ತಡೆ ಕೊಡುವುದು ಕಡಿಮೆ. ಅದನ್ನೇ ನಂಬಿಕೊಂಡು ಹಾಜರಾಗುವ ದಿನ ತಪ್ಪಿಸಬೇಡಿ.

ದಾರಿ ನಾಲ್ಕು: ಬಿಡುವುದು, ಆದರೆ ಲೆಕ್ಕ ಮಾಡಿ

ಬೇರೆ ಕೆಲಸ ಕೈಯಲ್ಲಿದ್ದರೆ, ವಯಸ್ಸು ಚಿಕ್ಕದಿದ್ದರೆ, ಮ್ಯಾನೇಜರ್ ದರ್ಜೆಯವರಾದರೆ ಇದೇ ಸರಿ ಇರಬಹುದು. ಐಟಿಯವರಿಗೆ ಇನ್ನೊಂದು ಕಾರಣವೂ ಇದೆ: ಮುಂದಿನ ಕಂಪನಿ ಹಿನ್ನೆಲೆ ಪರಿಶೀಲನೆ ಮಾಡುವಾಗ "ವಜಾ" ಅನ್ನೋದು ಬಂದರೆ ಕಷ್ಟ.

ಆದರೆ ಎಚ್‌ಆರ್ ಕೊಟ್ಟ ರಾಜೀನಾಮೆಯ ನಮೂನೆಗೆ ಅಲ್ಲೇ ಸಹಿ ಹಾಕಬೇಡಿ. "ವೈಯಕ್ತಿಕ ಕಾರಣಗಳಿಗಾಗಿ" ಅಂತ ಬರೆದು ಸಹಿ ಹಾಕಿದರೆ ಮೇಲಿನ ಮೂರೂ ದಾರಿ ಮುಚ್ಚಿದ ಹಾಗೆ. ನಿಮ್ಮನ್ನು ಸುಮ್ನೆ ಕಳಿಸಿದರೆ ಕಂಪನಿಗೆ ಎಷ್ಟು ಉಳಿಯುತ್ತದೆ ಅಂತ ಮೊದಲು ನೋಡಿ. ಕಾರ್ಮಿಕರನ್ನು ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದರೆ ಪ್ರತಿ ವರ್ಷದ ಸರ್ವಿಸ್‌ಗೆ 15 ದಿನದ ಸಂಬಳ ಪರಿಹಾರ ಕೊಡಬೇಕು, ಒಂದು ತಿಂಗಳ ನೋಟಿಸ್ ಬೇರೆ. ಮಾತುಕತೆ ಶುರುವಾಗಬೇಕಾದದ್ದು ಅಲ್ಲಿಂದ.

ಗ್ರಾಚ್ಯುಟಿ ಅದರ ಮೇಲೆ, ಅದು ಉಪಕಾರ ಅಲ್ಲ. ಐದು ವರ್ಷ ಆಗಿದ್ದರೆ ರಾಜೀನಾಮೆ ಕೊಟ್ಟರೂ ಬರುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ 26,000 ಇದ್ದು ಹತ್ತು ವರ್ಷ ಕೆಲಸ ಮಾಡಿದ್ದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000, ಒಟ್ಟು ಒಂದೂವರೆ ಲಕ್ಷ. "ವರ್ಗಾವಣೆಗೆ ಹೋಗದೆ ವಜಾ ಆದರೆ ಗ್ರಾಚ್ಯುಟಿ ಹೋಗುತ್ತೆ" ಅಂತ ಹೆದರಿಸುವವರು ಇದ್ದಾರೆ. ಗ್ರಾಚ್ಯುಟಿ ಮುಟ್ಟುಗೋಲು ಹಾಕಿಕೊಳ್ಳಲು ಕಂಪನಿಯ ಆಸ್ತಿಗೆ ನಷ್ಟ ಮಾಡಿರಬೇಕು, ಹೊಡೆದಾಟ ಗಲಾಟೆ ಮಾಡಿರಬೇಕು, ಇಲ್ಲವೇ ನೈತಿಕ ಅಧಃಪತನದ ಅಪರಾಧ ಇರಬೇಕು. ಊರು ಬಿಟ್ಟು ಹೋಗಲ್ಲ ಅನ್ನೋದು ಇದ್ಯಾವುದೂ ಅಲ್ಲ. ಪಿಎಫ್ ಹೇಗಿದ್ದರೂ ನಿಮ್ಮದೇ. ಸಂಬಳದ ಬಾಕಿಯನ್ನು ವೇತನ ಸಂಹಿತೆಯ ಪ್ರಕಾರ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು, ರಾಜೀನಾಮೆ ಆದರೂ ವಜಾ ಆದರೂ. "ಫುಲ್ ಅಂಡ್ ಫೈನಲ್‌ಗೆ 45 ದಿನ" ಅನ್ನೋದು ಇನ್ನೂ ಎಷ್ಟೋ ಕಡೆ ಬಾಯಿಪಾಠ ಆಗಿದೆ, ಕೇಳಿಸಿಕೊಂಡು ಸುಮ್ಮನಿರಬೇಡಿ.

ನನ್ನ ಹತ್ತಿರ ಕೇಳಿದರೆ

ಪೀಣ್ಯದಲ್ಲಿ ಹನ್ನೆರಡು ವರ್ಷ ಸಿಎನ್‌ಸಿ ಯಂತ್ರ ನಡೆಸಿದವರು, ಕರಾರಿನಲ್ಲಿ ವರ್ಗಾವಣೆಯ ಸಾಲು ಇದೆ, ಅದೇ ಕಂಪನಿಯ ಧಾರವಾಡ ಘಟಕ, ಅದೇ ಕೆಲಸ: ಮನವಿ ಕೊಡಿ, ಆಮೇಲೆ ಹೋಗಿ ಸೇರಿ. ಅದೇ ವ್ಯಕ್ತಿಯನ್ನು ಅದೇ ಮಾಲೀಕರ ಬೇರೆ ಹೆಸರಿನ ಕಂಪನಿಗೆ ಕಳಿಸುತ್ತಿದ್ದರೆ, ಕರಾರಿನಲ್ಲಿ ಸಹ ಸಂಸ್ಥೆಯ ಮಾತೂ ಇಲ್ಲದಿದ್ದರೆ, ನಿಲ್ಲಬಹುದು. ಕಳೆದ ತಿಂಗಳು ಯೂನಿಯನ್ ಕಟ್ಟಿದ ಐದು ಜನರನ್ನು ಐದು ರಾಜ್ಯಕ್ಕೆ ಹಾಕಿದ್ದರೆ ಒಬ್ಬೊಬ್ಬರೇ ನಿರ್ಧಾರ ಮಾಡಬೇಡಿ, ಐವರೂ ಒಟ್ಟಿಗೆ ಇಲಾಖೆಗೆ ಹೋಗಿ, ಸಾಧ್ಯವಾದವರು ಸೇರಿಕೊಂಡು ಸಂಬಳ ಉಳಿಸಿಕೊಳ್ಳಿ. ಸೇಲ್ಸ್ ಮ್ಯಾನೇಜರ್, ತಿಂಗಳಿಗೆ ಲಕ್ಷದ ಮೇಲೆ, ಕರಾರು ಕಂಪನಿಯ ಕಡೆಗೇ ಇದೆ: ಮೂರು ತಿಂಗಳ ಸಂಬಳಕ್ಕೆ ಮಾತಾಡಿ, ಒಳ್ಳೆಯ ಅನುಭವ ಪತ್ರ ಬರೆಸಿಕೊಂಡು ಹೊರಡಿ.

ಈಗಾಗಲೇ ವಜಾ ಆಗಿ ಕೇಸು ಹಾಕಿರುವವರು ಕೇಳುವ ಪ್ರಶ್ನೆ ಒಂದು ಉಳಿಯಿತು: ಕೇಸು ನಡೆಯುವಾಗ ಬೇರೆ ಕೆಲಸ ಮಾಡಬಹುದಾ? ಮಾಡಬಹುದು, ಮಾಡಲೇಬೇಕು, ಮನೆ ನಡೆಯಬೇಕಲ್ಲ. ತಪ್ಪಾಗಿ ವಜಾ ಮಾಡಿದ್ದರೆ ವಾಪಸ್ ಕೆಲಸದ ಜೊತೆ ಹಿಂಬಾಕಿ ಸಂಬಳ ಕೊಡುವುದೇ ಸಾಮಾನ್ಯ ನಿಯಮ ಅಂತ 2013ರ ದೀಪಾಲಿ ಗುಂಡು ಸುರ್ವಸೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬೇರೆ ಸಂಪಾದನೆ ಇರಲಿಲ್ಲ, ಅಥವಾ ಇದ್ದದ್ದು ಹಳೆ ಸಂಬಳಕ್ಕಿಂತ ಕಡಿಮೆ ಅಂತ ಮೊದಲು ಹೇಳಬೇಕಾದವರು ನೀವು. ಅದು ಸುಳ್ಳು ಅಂತ ತೋರಿಸುವ ಹೊಣೆ ಆಮೇಲೆ ಕಂಪನಿಯದ್ದು. ಆಟೋ ಓಡಿಸಿದ್ದರೆ ಆಟೋ ಓಡಿಸಿದೆ, ಇಷ್ಟು ಬರುತ್ತಿತ್ತು ಅಂತಲೇ ಅಫಿಡವಿಟ್‌ನಲ್ಲಿ ಬರೆಯಿರಿ. ಇನ್ನೊಂದು ಕಾರ್ಖಾನೆಯಲ್ಲಿ ಸೇರಿ ಅದನ್ನು ಮುಚ್ಚಿಟ್ಟರೆ ಸಿಕ್ಕಿಬೀಳುವುದು ಸುಲಭ. ಪಿಎಫ್‌ನ ಯುಎಎನ್ ನಂಬರ್ ಎಲ್ಲಾ ಕಡೆ ಒಂದೇ, ಕಂಪನಿಯ ವಕೀಲರು ಮೊದಲು ಹುಡುಕುವುದು ಅದನ್ನೇ.